ಕಣ್ಣು ಉಬ್ಬಿದರೆ ಥೈರಾಯ್ಡ್ ಕೂಡ ಪರೀಕ್ಷಿಸಿ



ನಮ್ಮ ಒಂದು ಸಂಘದಲ್ಲಿ ರವಿಕೆ ಹೊಲಿಯುವ ಸದಸ್ಯೆಯೊಬ್ಬರು ವಾರದ ಸಭೆಗೆ ಬರುವುದನ್ನೇ ನಿಲ್ಲಿಸಿದರು. ಉಳಿತಾಯದ ಹಣವನ್ನು ಮಗಳ ಕೈಯಲ್ಲಿ ಕಳಿಸುತ್ತಿದ್ದರು. ಮನೆಗೆ ಹೋಗಿ ವಿಚಾರಿಸಿದೆವು. "ಎಲ್ರೂ ನಾನು ಗುರಾಯಿಸ್ತೇನೆ ಅಂತಾರೆ ಸಿಸ್ಟರ್. ಮುಖ ಎತ್ತಿ ಮಾತಾಡ್ಲಿಕ್ಕೇ ನಾಚಿಕೆ ಆಗ್ತದೆ" ಎಂದರು. ನೋಡಿದರೆ ಕಣ್ಣು ಮುಂದಕ್ಕೆ ಬಂದಂತಿತ್ತು, ರೆಪ್ಪೆ ಬಾತಿತ್ತು. ನಿದ್ದೆ ಸಾಲದೆ ಹೀಗಾಗಿರಬಹುದು, ರಕ್ತ ಕಡಿಮೆ ಇರಬಹುದು ಎಂದು ನಾವು ಎಣಿಸಿದೆವು. ಮುಂದಿನ ಕಣ್ಣಿನ ಶಿಬಿರದವರೆಗೆ ಕಾಯಿರಿ ಎಂದೆವು. ಅದು ನಮ್ಮ ತಪ್ಪು. ನಾಲ್ಕು ತಿಂಗಳು ಹೋಯಿತು. ಅದು ಥೈರಾಯ್ಡಿಗೆ ಸಂಬಂಧಿಸಿದ ಕಣ್ಣಿನ ಕಾಯಿಲೆ ಎಂದು ಆಮೇಲೆ ಗೊತ್ತಾಯಿತು.

ಥೈರಾಯ್ಡ್ ಎಂದರೆ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ನಮ್ಮ ದೇಹದಲ್ಲಿ ರೋಗಾಣುಗಳ ಜೊತೆ ಹೋರಾಡುವ ರೋಗನಿರೋಧಕ ಶಕ್ತಿ ಇದೆಯಷ್ಟೆ? ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ದೇಹದ ಮೇಲೇ ಬೀಳುತ್ತದೆ, ಕಾವಲು ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಆಗ ಥೈರಾಯ್ಡ್ ಮಿತಿ ಮೀರಿ ಕೆಲಸ ಮಾಡುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಸುರಿಯುತ್ತದೆ, ಹೊಟ್ಟೆ ತುಂಬಾ ಉಂಡರೂ ತೂಕ ಇಳಿಯುತ್ತದೆ. 1835ರಲ್ಲಿ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಗ್ರೇವ್ಸ್ ಕಾಯಿಲೆ ಎಂಬ ಹೆಸರು. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. ಇವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಣ್ಣಿನ ತೊಂದರೆಯೂ ಬರುತ್ತದೆ. ಕೆಲವರಿಗೆ ಕಣ್ಣಿನ ತೊಂದರೆಯೇ ಮೊದಲು ಬರುವುದುಂಟು. ಥೈರಾಯ್ಡ್ ರಕ್ತಪರೀಕ್ಷೆ ಸರಿಯಾಗಿದ್ದವರಲ್ಲೂ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ.

ಕಣ್ಣುಗುಡ್ಡೆ ಮೂಳೆಯ ಗೂಡಿನಲ್ಲಿ ಕೂತಿದೆ. ಅದರ ಹಿಂದೆ ಕೊಬ್ಬು, ಕಣ್ಣನ್ನು ತಿರುಗಿಸುವ ಸ್ನಾಯುಗಳು, ಮಿದುಳಿಗೆ ಹೋಗುವ ದೃಷ್ಟಿ ನರ ಇವೆ. ಈ ಕಾಯಿಲೆಯಲ್ಲಿ ಕೊಬ್ಬು ಮತ್ತು ಸ್ನಾಯುಗಳಿಗೆ ಉರಿಯೂತವಾಗಿ ಬಾತುಕೊಳ್ಳುತ್ತವೆ. ಮೂಳೆ ಹಿಗ್ಗುವುದಿಲ್ಲ, ಜಾಗ ಸಾಲದೆ ಗುಡ್ಡೆ ಮುಂದಕ್ಕೆ ಬರುತ್ತದೆ. ಮೇಲಿನ ರೆಪ್ಪೆ ಮೇಲಕ್ಕೆ ಎಳೆದುಕೊಂಡು ಕಣ್ಣಿನ ಬಿಳಿ ಹೆಚ್ಚು ಕಾಣುತ್ತದೆ. ಜನ "ಗುರಾಯಿಸ್ತಾಳೆ" ಅಂದದ್ದು ಇದಕ್ಕೇ. ಸ್ನಾಯುಗಳು ಬಿಗಿದುಕೊಂಡರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣು ಒಣಗಿ ಹುಣ್ಣಾಗಬಹುದು. ಕೆಲವೇ ಜನರಿಗೆ ಬಾವು ದೃಷ್ಟಿ ನರವನ್ನೇ ಒತ್ತುತ್ತದೆ. ಆಗ ಕೆಂಪು ಸೀರೆ ಮಾಸಿದಂತೆ ಕಾಣುತ್ತದೆ, ನೋಟ ಮಂಜಾಗುತ್ತದೆ. ಹಾಗಾದರೆ ನಾಳೆ ನೋಡುವಾ ಅನ್ನಬೇಡಿ, ಅದೇ ದಿನ ಆಸ್ಪತ್ರೆಗೆ ಹೊರಡಿ. ದೃಷ್ಟಿ ಹೋದರೆ ಮರಳಿ ಬಾರದಿರಬಹುದು.

ಈ ಉರಿಯೂತ ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದವರೆಗೆ ಇದ್ದು, ಆಮೇಲೆ ತಣ್ಣಗಾಗುತ್ತದೆ. ಕಾಯಿಲೆ ಜೋರಾಗಿದ್ದರೆ ವೈದ್ಯರು ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ, ಆದರೆ ಅದು ಫಲ ಕೊಡುವುದು ಉರಿಯೂತ ಇರುವಾಗಲೇ. ತಣ್ಣಗಾದ ಮೇಲೆ ಉಳಿದ ಉಬ್ಬು, ಮೆಳ್ಳೆಗಣ್ಣುಗಳಿಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಕಳೆದುಹೋದ ಆ ನಾಲ್ಕು ತಿಂಗಳು ನಮ್ಮನ್ನು ಇಂದಿಗೂ ಕಾಡುವುದು ಇದಕ್ಕೇ.

ಇನ್ನು ಬೀಡಿಯ ವಿಷಯ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಬೀಡಿ ಕಟ್ಟಿದ ಹಣದಿಂದ, ಹಾಗಾಗಿ ಹೇಳಲು ನಮಗೆ ಸಂಕೋಚವೇ. ಆದರೂ ಹೇಳಲೇಬೇಕು. ಬೀಡಿ ಸಿಗರೇಟಿನ ಹೊಗೆ ಈ ಕಣ್ಣಿನ ಕಾಯಿಲೆಯನ್ನು ಜೋರು ಮಾಡುತ್ತದೆ, ಮದ್ದಿನ ಗುಣವನ್ನೂ ಕುಗ್ಗಿಸುತ್ತದೆ. ನಮ್ಮ ಸದಸ್ಯೆ ಸೇದುವವರಲ್ಲ, ಸೇದುವವರು ಅವರ ಯಜಮಾನರು, ಅದೂ ಮನೆಯೊಳಗೆ. ಇತರರು ಸೇದಿದ ಹೊಗೆಯಿಂದಲೂ ದೂರ ಇರಿ ಎಂದು ಡಾಕ್ಟರು ಎದುರಿಗೇ ಹೇಳಿದ ಮೇಲೆ ಅವರು ಅಂಗಳಕ್ಕೆ ಹೋಗತೊಡಗಿದರು. ಪೂರ್ತಿ ಬಿಟ್ಟಿಲ್ಲ.

"ಮದ್ರಾಸ್ ಐ" ಎಂದುಕೊಂಡು ಔಷಧಿ ಅಂಗಡಿಯಿಂದ ನೀವೇ ಕಣ್ಣಿನ ಹನಿ ತಂದು ಹಾಕಿಕೊಳ್ಳಬೇಡಿ. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದರಿಂದ ಕಣ್ಣಿನ ಒತ್ತಡ ಏರಬಹುದು. ಥೈರಾಯ್ಡ್ ಮಾತ್ರೆಯನ್ನು ಸ್ವಲ್ಪ ಹಾಯೆನಿಸಿತೆಂದು ನಿಲ್ಲಿಸಬೇಡಿ. ಥೈರಾಯ್ಡಿಗೆ ವಿಕಿರಣ ಅಯೋಡಿನ್ ಚಿಕಿತ್ಸೆ ಕೊಡುತ್ತೇವೆಂದರೆ ಕಣ್ಣಿನ ತೊಂದರೆ ಇರುವುದನ್ನು ಮೊದಲೇ ತಿಳಿಸಿ, ಏಕೆಂದರೆ ಅದರಿಂದ ಕಣ್ಣು ಹದಗೆಡುವ ಸಾಧ್ಯತೆ ಇದೆ. ಕಣ್ಣಿನ ವೈದ್ಯರು, ಥೈರಾಯ್ಡ್ ನೋಡುವ ವೈದ್ಯರು ಇಬ್ಬರನ್ನೂ ಕಾಣಬೇಕು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ. ಒಣಕಣ್ಣಿಗೆ ವೈದ್ಯರು ಬರೆದುಕೊಟ್ಟ ಕೃತಕ ಕಣ್ಣೀರಿನ ಹನಿ, ರಾತ್ರಿಗೆ ಮುಲಾಮು, ಮಲಗುವಾಗ ತಲೆ ಎತ್ತರಕ್ಕೆ ಎರಡು ದಿಂಬು, ಬಿಸಿಲಿಗೆ ತಂಪು ಕನ್ನಡಕ, ಇಷ್ಟರಿಂದಲೇ ಬಹಳ ಹಗುರವೆನಿಸುತ್ತದೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮತದಾರರ ಗುರುತಿನ ಚೀಟಿ ತನ್ನಿ. ಅದರಲ್ಲಿರುವ ಹಳೇ ಫೋಟೋ ಜೊತೆ ಒಬ್ಬರ ಕಣ್ಣನ್ನು ಒಬ್ಬರು ಹೋಲಿಸಿ ನೋಡುವಾ. ಬದಲಾವಣೆ ನಿಧಾನವಾಗಿ ಆಗುವುದರಿಂದ ಕನ್ನಡಿಯಲ್ಲಿ ದಿನಾ ನೋಡುವವರಿಗೆ ಅದು ತಿಳಿಯುವುದಿಲ್ಲ. ವೈದ್ಯರೂ ಹಳೇ ಫೋಟೋ ಕೇಳುತ್ತಾರೆ. ನಮ್ಮ ಸದಸ್ಯೆಯ ಮೊದಲ ರಕ್ತಪರೀಕ್ಷೆಗೆ ಹಣ ಕೊಟ್ಟದ್ದು ಸಂಘದ ಆಂತರಿಕ ಸಾಲದಿಂದ. ಚುಚ್ಚುಮದ್ದಿನ ನಂತರ ಬಾವು ಇಳಿದಿದೆ. ಕೆಳಗೆ ನೋಡುವಾಗ ಈಗಲೂ ಎಲ್ಲ ಎರಡೆರಡಾಗಿ ಕಾಣುವುದರಿಂದ ಸೂಜಿಗೆ ನೂಲು ಪೋಣಿಸಿ ಕೊಡುವವಳು ಮಗಳು. ಸಭೆಗೆ ಬರುತ್ತಿದ್ದಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರೆ.