ಡಬ್ಬಿ ಬೇಡ, ಬಂಡೆ ಸಾಕು



ರಜೆಗೆ ಮನೆಯವರ ಜೊತೆ ಬೆಂಗಳೂರಿನ ಸಿದ್ದಾಪುರದಿಂದ ಹೊರಟು, ಹಳ್ಳಿ ನೋಡಿಕೊಂಡು ಕರಾವಳಿಗೆ ಇಳಿಯುವವನು ನೀನು. ದಾರಿಯುದ್ದಕ್ಕೂ ಜಿಯೋಕ್ಯಾಚಿಂಗ್, ಅಂದರೆ ಅಡಗಿಸಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ, ಆಡುವ ಆಸೆ ನಿನಗಿದೆ. ಆಟ ಒಳ್ಳೆಯದೇ. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಆ ಬೆನ್ನಲ್ಲೇ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಆರೆಗಾನ್‌ನಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದ. ಈ ಆಟ ಶುರುವಾದದ್ದು ಹಾಗೆ. ಆಡು, ಬೇಡವೆನ್ನುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಡಬ್ಬಿ ಅಡಗಿಸಬೇಡ.

ಫೋನಿನ ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರು ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಹೆಚ್ಚು. ಹುಡುಕುವವರು ಅಷ್ಟಗಲದ ಕಲ್ಲುಗಳನ್ನೆಲ್ಲ ಮಗುಚುತ್ತಾರೆ, ಪೊದೆಗಳನ್ನೆಲ್ಲ ತುಳಿಯುತ್ತಾರೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಿಧಿಯಾಸೆಗೆ ಪಾಳುಗುಡಿಗಳನ್ನು ಅಗೆದವರ, ವೀರಗಲ್ಲು ಕಿತ್ತವರ ಸುದ್ದಿ ಕರ್ನಾಟಕಕ್ಕೆ ಹೊಸದಲ್ಲ. ಅಂಥ ಕಡೆ ಗುರುತಿಲ್ಲದವರು ಫೋನು ಹಿಡಿದು ಗುಡಿಯ ಹಿಂದೆ ತಡಕಾಡಿದರೆ ಊರವರು ಏನೆಂದುಕೊಳ್ಳಬೇಕು? ಅವರ ಅನುಮಾನ ನ್ಯಾಯವಾದದ್ದು. ಉಳಿದಿರುವ ಕಲ್ಲುಗಳು ಉಳಿದಿರುವುದೇ ಎಷ್ಟೋ ಕಡೆ ಆ ಅನುಮಾನದಿಂದ. ಬೇರೆ ದೇಶಗಳಲ್ಲಿ ಲಕ್ಷಗಟ್ಟಲೆ ಡಬ್ಬಿಗಳಿವೆಯಲ್ಲ ಎಂದು ನೀನು ಕೇಳಬಹುದು. ನಿಜ. ಆದರೆ ಅಲ್ಲಿಯೂ ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಇಡಬಾರದು, ಅಗೆದು ಹೂಳಬಾರದು ಎಂಬುದು ಆಟದ್ದೇ ನಿಯಮ. ನಮ್ಮಲ್ಲಿ ಗೋಮಾಳ, ದೇವರಕಾಡು, ಮುಜರಾಯಿ ಗುಡಿಗಳಿಗೆ ಆ ಒಪ್ಪಿಗೆಯನ್ನು ಎರಡು ದಿನಕ್ಕೆ ಬಂದು ಹೋಗುವವರು ಯಾರಿಂದ ಪಡೆಯುತ್ತಾರೆ?

ಇದೇ ಆಟದಲ್ಲಿ ಅರ್ಥ್‌ಕ್ಯಾಶ್ ಎಂಬ ಬಗೆಯೊಂದಿದೆ, 2004ರಿಂದ ನಡೆಯುತ್ತಿದೆ. ಅದರಲ್ಲಿ ಡಬ್ಬಿಯೇ ಇಲ್ಲ. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿನ ನೆಲವನ್ನೋ ಬಂಡೆಯನ್ನೋ ನೋಡಿ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಕೈಗೆ ಏನೂ ಸಿಗದ ಹುಡುಕಾಟ ಮಕ್ಕಳಿಗೆ ಸಪ್ಪೆ ಎನ್ನುವವರಿದ್ದಾರೆ. ಡಬ್ಬಿಯೊಳಗಿನ ಸಣ್ಣ ಗೊಂಬೆಗಾಗಿ ಕುಣಿಯುವ ಮಗುವಿನ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಡಬ್ಬಿ ಸಿಕ್ಕ ಕ್ಷಣಕ್ಕೆ ಹುಡುಕಾಟ ಮುಗಿಯುತ್ತದೆ, ಸುತ್ತಲಿನ ಜಾಗ ಕಣ್ಣಿಗೆ ಬೀಳುವುದೇ ಇಲ್ಲ. ನಿನ್ನ ಮನೆಯ ಪಕ್ಕದ ಲಾಲ್‌ಬಾಗ್ ಬಂಡೆಯನ್ನೇ ತೆಗೆದುಕೋ. ಕೆಂಪೇಗೌಡರ ಗೋಪುರ ಹೊತ್ತ ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಗ್ಗೆ ಅದರ ಮೇಲೆ ನಡೆದಾಡುವವರಲ್ಲಿ ಕಾಲಡಿಯ ಬಿಳಿ, ಕಪ್ಪು ಪಟ್ಟೆಗಳನ್ನು ಬಗ್ಗಿ ನೋಡಿದವರು ಎಷ್ಟು ಮಂದಿ? ಬಿಳಿಯದು ಯಾವ ಖನಿಜ, ಕಪ್ಪು ಯಾವುದು ಎಂದು ನಿನ್ನ ತಂಗಿಯನ್ನು ಕೇಳು. ಅಷ್ಟಕ್ಕೆ ಅವಳು ಮೊಣಕಾಲೂರಿ ಕೂರುತ್ತಾಳೆ.

ಕರಾವಳಿಯ ಕೊನೆಯ ಪ್ರಶ್ನೆಯನ್ನು ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಇಟ್ಟುಕೋ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಆರುತ್ತ ಕುಗ್ಗಿ, ಬಿರುಕುಬಿಟ್ಟು ಕಂಬಗಳಾಗಿ ನಿಂತಿದೆ. ಒಂದೊಂದು ಕಂಬಕ್ಕೆ ಎಷ್ಟು ಮುಖ ಎಂದು ಎಣಿಸಿರಿ. ಎಲ್ಲಕ್ಕೂ ಆರೇ ಇರುವುದಿಲ್ಲ, ಏಕೆಂದು ದೋಣಿಯಲ್ಲಿ ಮರಳುವಾಗ ವಾದ ಮಾಡಿರಿ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ, ಆದ್ದರಿಂದ ಪ್ರವಾಸವನ್ನು ದಸರೆ ಕಳೆದ ಮೇಲೆ ಇಟ್ಟುಕೊಳ್ಳುವಂತೆ ಅಪ್ಪನಿಗೆ ಈಗಲೇ ಹೇಳು.