ಮನುಷ್ಯನ ವಿಕಾಸ, ಹಳೆಯ ಹವಾಮಾನ: ಪಿಎಚ್‌ಡಿಗೆ ಇಳಿಯುವ ಮುನ್ನ

ಆಫ್ರಿಕಾದ ಕಾಡು ಒಣಗಿತು, ಹುಲ್ಲುಗಾವಲು ಹರಡಿತು, ನಮ್ಮ ಪೂರ್ವಜರು ಮರದಿಂದಿಳಿದು ಎರಡು ಕಾಲ ಮೇಲೆ ನಡೆಯತೊಡಗಿದರು. ಈ ವಿಷಯದಲ್ಲಿ ಸಂಶೋಧನೆ ಮಾಡಬೇಕೆಂದು ಬರುವ ಅನೇಕರ ಮನಸ್ಸಿನಲ್ಲಿರುವುದು ಇದೇ ಕಥೆ. 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕಾದ ‘ಟಾಂಗ್ ಮಗು’ವಿನ ತಲೆಬುರುಡೆಯನ್ನು ವಿವರಿಸಿದ ಕಾಲದಿಂದಲೂ ಇದು ಚಾಲ್ತಿಯಲ್ಲಿದೆ. ಆದರೆ ಇಥಿಯೋಪಿಯಾದಲ್ಲಿ ಸಿಕ್ಕ 44 ಲಕ್ಷ ವರ್ಷ ಹಳೆಯ ಆರ್ಡಿಪಿಥೆಕಸ್ ಎರಡು ಕಾಲಲ್ಲಿ ನಡೆಯಬಲ್ಲದಾಗಿತ್ತೆಂದು ಅದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಅದರ ಸುತ್ತ ಮರಗಳೂ ಇದ್ದವು. ಎಷ್ಟು ಮರಗಳಿದ್ದವೆಂಬ ವಾದ ಇನ್ನೂ ಮುಗಿದಿಲ್ಲ. ಕಥೆ ಅಷ್ಟು ಸರಳವಲ್ಲ, ಹಾಗಾಗಿಯೇ ಇಲ್ಲಿ ಹೊಸಬರಿಗೆ ಕೆಲಸವಿದೆ.

ಮೊದಲು ಪ್ರಶ್ನೆ ಕಿರಿದಾಗಲಿ

‘ಹವಾಮಾನ ಮನುಷ್ಯನನ್ನು ರೂಪಿಸಿತೇ’ ಎಂಬುದನ್ನು ಇಟ್ಟುಕೊಂಡು ಪಿಎಚ್‌ಡಿ ಮುಗಿಸಲಾಗದು. ಹವಾಮಾನದ ದೊಡ್ಡ ತಿರುವುಗಳಲ್ಲಿ ಹಳೆಯ ಪ್ರಭೇದಗಳು ಅಳಿದು ಹೊಸವು ಒಟ್ಟೊಟ್ಟಿಗೆ ಹುಟ್ಟುತ್ತವೆ ಎಂದು ಎಲಿಸಬೆತ್ ವ್ರಬಾ ವಾದಿಸಿದರು. ಒಣಗಿದ್ದು ಮುಖ್ಯವಲ್ಲ, ಒಣಗುವುದೂ ನೆನೆಯುವುದೂ ಮತ್ತೆ ಮತ್ತೆ ಬದಲಾದದ್ದೇ ಮುಖ್ಯ, ಯಾವ ಪರಿಸರಕ್ಕೂ ಹೊಂದಿಕೊಳ್ಳಬಲ್ಲವರು ಉಳಿದರು ಎಂಬುದು ಸ್ಮಿತ್ಸೋನಿಯನ್ ಸಂಸ್ಥೆಯ ರಿಕ್ ಪಾಟ್ಸ್ ಅವರ ನಿಲುವು. ಇವೆರಡರ ನಡುವೆ ನಿಮ್ಮ ಪ್ರಶ್ನೆಯನ್ನು ಹುಡುಕಿ. ಒಂದು ಕಣಿವೆಯನ್ನೂ ಒಂದು ಕಾಲಘಟ್ಟವನ್ನೂ ಆರಿಸಿ, ಅಲ್ಲಿ ಉಪಕರಣವೋ ಆಹಾರವೋ ವಲಸೆಯೋ ಬದಲಾದಾಗ ಮಳೆಯೂ ಬದಲಾಗಿತ್ತೇ ಎಂದು ಕೇಳಿ. ‘ಇಲ್ಲ’ ಎಂಬ ಉತ್ತರಕ್ಕೂ ಅಲ್ಲಿ ಜಾಗವಿರಬೇಕು.

ಸ್ಥಳದ ಆಯ್ಕೆ

ಇಲ್ಲಿ ಅವಸರ ಬೇಡ. ಕೆನ್ಯಾದ ಓಲೋರ್ಗೆಸಾಯ್ಲಿಯ ಅನುಭವವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಅಲ್ಲಿ ಲಕ್ಷಾಂತರ ವರ್ಷ ಜನ ದೊಡ್ಡ ಕೈಕೊಡಲಿಗಳನ್ನೇ ಮಾಡುತ್ತಿದ್ದರು. ಸುಮಾರು 3.2 ಲಕ್ಷ ವರ್ಷ ಹಿಂದಿನ ಪದರದಲ್ಲಿ ನೋಡಿದರೆ ಎಲ್ಲವೂ ಬೇರೆ: ಚಿಕ್ಕ, ನಾಜೂಕಾದ ಕಲ್ಲಿನ ಉಪಕರಣಗಳು, ಬಣ್ಣದ ಕಲ್ಲುಗಳು, 25 ಕಿ.ಮೀ.ಗೂ ಹೆಚ್ಚು ದೂರದಿಂದ ತಂದ ಜ್ವಾಲಾಮುಖಿ ಗಾಜು. ಪ್ರಾಣಿಗಳೂ ಬದಲಾಗಿದ್ದವು; ಭಾರೀ ಮೈಯ ಹುಲ್ಲು ಮೇಯುವ ಪ್ರಾಣಿಗಳ ಜಾಗದಲ್ಲಿ ಸಣ್ಣ ಮೈಯವು ಬಂದಿದ್ದವು. ಇವೆಲ್ಲ ಹೇಗಾದವು ಎಂದು ಹೇಳಬೇಕಿದ್ದ ಪದರಗಳೇ, ಅಂದರೆ 5 ಲಕ್ಷದಿಂದ 3.2 ಲಕ್ಷ ವರ್ಷದವರೆಗಿನವು, ಕೊಚ್ಚಿ ಹೋಗಿದ್ದವು. 2012ರಲ್ಲಿ ಪಾಟ್ಸ್ ತಂಡ ಅಲ್ಲಿಂದ ಸುಮಾರು 24 ಕಿ.ಮೀ. ದೂರದ ಕೂರಾ ತಗ್ಗಿನಲ್ಲಿ 139 ಮೀಟರ್ ಆಳಕ್ಕೆ ಕೊರೆದು ಸುಮಾರು 10 ಲಕ್ಷ ವರ್ಷಗಳ ಹೂಳನ್ನು ಮೇಲೆತ್ತಿತು. ಸುಮಾರು 4 ಲಕ್ಷ ವರ್ಷ ಹಿಂದೆ ನೆಲ ಬಿರಿದು ತಗ್ಗುಗಳಾಗಿ ಒಡೆದು, ಸಿಹಿನೀರೂ ಸಸ್ಯಗಳೂ ಪದೇ ಪದೇ ಏರುಪೇರಾದದ್ದು ಆ ಹೂಳಿನಲ್ಲಿ ಕಂಡಿತು. ಫಲಿತಾಂಶ ಪ್ರಕಟವಾದದ್ದು 2020ರಲ್ಲಿ.

ಇದರಿಂದ ತಿಳಿಯಬೇಕಾದದ್ದು ಎರಡು. ಹವಾಮಾನದ ದಾಖಲೆ ಜನ ಬದುಕಿದ ಜಾಗಕ್ಕೆ ಹತ್ತಿರವಿರಬೇಕು; ಸಾಗರತಳದ ಧೂಳು ಖಂಡದ ಕಥೆ ಹೇಳೀತು, ನಿಮ್ಮ ಕಣಿವೆಯದ್ದನ್ನಲ್ಲ. ಮತ್ತೊಂದು, ಕೊರೆಯುವ ಕೆಲಸ ಒಬ್ಬ ವಿದ್ಯಾರ್ಥಿಯ ಐದು ವರ್ಷಕ್ಕೆ ದಕ್ಕುವುದಿಲ್ಲ. ಈಗಾಗಲೇ ಕೊರೆದಿಟ್ಟ ಹೂಳಿನ ಮೇಲೆ ಕೆಲಸ ಮಾಡುವ ತಂಡವನ್ನು ಸೇರಿ.

ಸಾಕ್ಷ್ಯ ಎರಡಾದರೂ ಇರಲಿ

ಪರಾಗ ಸುತ್ತಲಿನ ಗಿಡಮರಗಳನ್ನು ಹೇಳುತ್ತದೆ. ಎಲೆಯ ಮೇಣದಲ್ಲಿನ ಹೈಡ್ರೋಜನ್ ಐಸೊಟೋಪು ಮಳೆಯ ಸುಳಿವು ಕೊಡುತ್ತದೆ. ಹಲ್ಲಿನ ಎನಾಮೆಲ್‌ನಲ್ಲಿನ ಕಾರ್ಬನ್ ಐಸೊಟೋಪಿನಿಂದ ಪ್ರಾಣಿ ಮರದ ಸೊಪ್ಪು ತಿಂದಿತೇ, ಬಿಸಿಲುನಾಡಿನ ಹುಲ್ಲು ಮೇಯಿತೇ ಎಂದು ತಿಳಿಯುತ್ತದೆ. ಒಂದೊಂದಕ್ಕೂ ಅದರದೇ ಮಿತಿಯಿದೆ. ಗಾಳಿಗೆ ತೇಲಿ ಬಂದ ಪರಾಗ ದೂರದ ಕಾಡಿನದ್ದಿರಬಹುದು.

ಕಾಲನಿರ್ಣಯದಲ್ಲಿ ಸಡಿಲ ಬೇಡ

ನನ್ನ ಮಟ್ಟಿಗೆ ಪ್ರಬಂಧ ನಿಲ್ಲುವುದೂ ಬೀಳುವುದೂ ಇಲ್ಲೇ. ಭೂಮಿಯ ಅಕ್ಷದ ತೂಗಾಟದಿಂದ ಪೂರ್ವ ಆಫ್ರಿಕಾದ ಮಳೆ ಸುಮಾರು 23,000 ವರ್ಷಕ್ಕೊಂದು ಸುತ್ತು ಹೆಚ್ಚುಕಡಿಮೆಯಾಗುತ್ತದೆ. ನಿಮ್ಮ ಉಪಕರಣದ ವಯಸ್ಸಿನಲ್ಲಿ ಆಚೀಚೆ 20,000 ವರ್ಷದ ಅನಿಶ್ಚಿತತೆ ಇದ್ದರೆ, ಅದನ್ನು ಮಾಡಿದವನು ಮಳೆಗಾಲದ ಯುಗದಲ್ಲಿದ್ದನೋ ಬರಗಾಲದ ಯುಗದಲ್ಲಿದ್ದನೋ ಹೇಳಲಾಗದು. ಹಾಗಿದ್ದೂ ಗ್ರಾಫಿನ ಎರಡು ಗೆರೆಗಳು ಜೊತೆಯಾಗಿ ಏರಿದ್ದನ್ನು ಕಂಡು ಕಾರಣ ಸಿಕ್ಕಿತು ಎಂದುಬಿಡುವವರಿದ್ದಾರೆ. ರೇಡಿಯೊಕಾರ್ಬನ್ ಸುಮಾರು 50,000 ವರ್ಷದಾಚೆ ಕೆಲಸಕ್ಕೆ ಬಾರದು. ಜ್ವಾಲಾಮುಖಿ ಬೂದಿಯಿದ್ದರೆ ಆರ್ಗಾನ್ ವಿಧಾನ, ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯಲು ಲ್ಯುಮಿನೆಸೆನ್ಸ್. ಇವುಗಳಲ್ಲಿ ಒಂದನ್ನಾದರೂ ಪ್ರಯೋಗಾಲಯದಲ್ಲಿ ಕೈಯಾರೆ ಕಲಿಯಿರಿ.

ನಮ್ಮ ಸುತ್ತಮುತ್ತ

ಆಫ್ರಿಕಾಕ್ಕೇ ಹೋಗಬೇಕೆಂದಿಲ್ಲ. ಸುಮಾರು 74,000 ವರ್ಷ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ದಪ್ಪನಾಗಿ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ ಆ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಉಪಕರಣಗಳನ್ನು ಕಂಡು 2007ರಲ್ಲಿ ವರದಿ ಮಾಡಿತು. ಸ್ಫೋಟ ಇಲ್ಲಿನ ಜನರನ್ನು ಅಳಿಸಿಹಾಕಲಿಲ್ಲ ಎಂಬುದಕ್ಕೆ ಇದು ಬಲವಾದ ಸುಳಿವು. ಆದರೆ ಅಲ್ಲಿ ಮನುಷ್ಯರ ಮೂಳೆ ಸಿಗದ ಕಾರಣ ಆ ಉಪಕರಣ ಮಾಡಿದವರು ಯಾರೆಂಬ ಚರ್ಚೆ ಉಳಿದಿದೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ದಶಕಗಳ ಕಾಲ ದುಡಿದರು. ಅಲ್ಲಿನ ಇಸಾಂಪುರದಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿಗೆ 12 ಲಕ್ಷಕ್ಕೂ ಹೆಚ್ಚು ವರ್ಷವಾಗಿದೆಯೆಂಬ ಅಂದಾಜಿದೆ. ಆ ಕಾಲದಲ್ಲಿ ಅಲ್ಲಿದ್ದ ಜನ ಎಂಥ ಮಳೆಯಲ್ಲಿ ಬದುಕಿದ್ದರು ಎಂಬುದು ಒಂದು ಪಿಎಚ್‌ಡಿಗೆ ತಕ್ಕ ಪ್ರಶ್ನೆ ಎಂದು ನಾನು ನಂಬಿದ್ದೇನೆ.

ಅರ್ಜಿ, ಅನುಮತಿ

ಪುರಾತತ್ವಕ್ಕೆ ಪುಣೆಯ ಡೆಕ್ಕನ್ ಕಾಲೇಜು, ಪರಾಗಕ್ಕೆ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆ, ಐಸೊಟೋಪಿಗೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಅಥವಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನ ಕೇಂದ್ರ. ಪುರಾತತ್ವ, ಮಾನವಶಾಸ್ತ್ರ ಓದಿದವರು ಯುಜಿಸಿ-ನೆಟ್, ಭೂವಿಜ್ಞಾನದವರು ಸಿಎಸ್‌ಐಆರ್-ನೆಟ್ ಬರೆಯಬಹುದು. ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಪರವಾನಗಿ ಕಡ್ಡಾಯ. ಅದು ಬರುವವರೆಗೆ ಕೂತಿರುವ ಬದಲು ಉಚಿತವಾಗಿ ಸಿಗುವ ಪ್ಯಾಂಜಿಯಾ (PANGAEA), ನೋವಾ (NOAA) ಸಂಗ್ರಹಗಳ ಹಳೆಯ ಹವಾಮಾನದ ದತ್ತಾಂಶಗಳಲ್ಲಿ ಕೈ ಪಳಗಿಸಿ. ಅದಕ್ಕಾಗಿ ಆರ್ (R) ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಿರಿ.

ಮಾರ್ಗದರ್ಶಕರಿಗೆ ಬರೆಯುವಾಗ ಒಂದೇ ಪುಟ ಸಾಕು: ನಿಮ್ಮ ಪ್ರಶ್ನೆ, ಸ್ಥಳ, ಆಯ್ದ ಎರಡು ಸಾಕ್ಷ್ಯ, ಕಾಲನಿರ್ಣಯದ ವಿಧಾನ. ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪೆಂದು ಒಪ್ಪುತ್ತೀರಿ ಎಂಬುದನ್ನೂ ಅದರಲ್ಲಿ ತಪ್ಪದೆ ಬರೆಯಿರಿ.