ವಯಸ್ಸಿನ ಕಾಲಂ ಆಮೇಲೆ ತುಂಬು

ಮುಪ್ಪಿನ ಮೇಲೆ ಪಿಎಚ್‌ಡಿ ಮಾಡ್ತೀಯಂತೆ. ಸಂತೋಷ, ಯವ್ವಾ. ನಿನ್ನ ಓರಗೆಯವರಿಗೆ ಮುದುಕರ ಪಕ್ಕ ಹತ್ತು ನಿಮಿಷ ಕೂರೋದೇ ಬೇಸರ. ನೀನು ಐದು ವರ್ಷ ಕೂರಲು ಹೊರಟಿದ್ದೀಯ. ನೆಟ್ ಪಾಸಾಯ್ತು, ಜೆಆರ್‌ಎಫ್ ಬಂತು, ಗೈಡ್ ಸಿಕ್ಕರು, ಇನ್ನೇನು ಸಿನಾಪ್ಸಿಸ್ ಒಪ್ಪಿಸಿಯೇ ಬಿಡ್ತೀನಿ ಅಂತ ಕುಣೀತಿದ್ದೀಯ. ಸ್ವಲ್ಪ ತಡಿ. ನೀನು ಕಳಿಸಿದ್ದನ್ನು ಓದಿದೆ. ಅದರಲ್ಲಿ ಹೊರದೇಶದ ಪಂಡಿತರೆಲ್ಲ ಬಂದು ಹೋಗಿದ್ದಾರೆ. ನಿನ್ನೂರು ವಳಕಮದಿನ್ನಿಯ ಒಬ್ಬ ಮುದುಕಿಯೂ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನೋದು ಹಳೇ ಕಾಯಿಲೆ, ನಿನಗೂ ತಗುಲಿದೆ. ಶಾಸನಗಳ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂಬುದಕ್ಕೆ ಗಟ್ಟಿ ಸಾಕ್ಷಿ ಎಲ್ಲಿ ಸಿಕ್ಕಿತು? ನಿನ್ನ ಪಕ್ಕದ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ. ಬಂಡೆ ಅಲ್ಲೇ ಇತ್ತು. ನೋಡುವವರು ಇರಲಿಲ್ಲ.

ಈಗ ನಿನ್ನ ಪ್ರಶ್ನಾವಳಿಗೆ ಬರೋಣ. ಮೊದಲ ಪ್ರಶ್ನೆಯೇ ‘ವಯಸ್ಸು’. ಊರ ಅಗಸಿಯ ಹತ್ತಿರ ಕೂತ ಅಜ್ಜಿಯನ್ನು ಅದನ್ನೇ ಕೇಳಿ ನೋಡು. ‘ಅರವತ್ತೋ ಎಪ್ಪತ್ತೋ, ನಿನಗ ತಿಳಿದಂಗ ಬರ್ಕೋ’ ಅಂತಾಳೆ. ನೀನು 65 ಅಂತ ಬರೆದು ಮುಂದೆ ಹೋಗ್ತೀಯ. ಎಲ್ಲರೂ ಹಾಗೇ ಬರೆದು ಬರೆದೇ ಜನಗಣತಿಯಲ್ಲಿ 60, 65, 70ರವರು ಗುಡ್ಡೆ ಬಿದ್ದಿರುತ್ತಾರೆ. 61, 69ರವರು ಹುಡುಕಿದರೂ ಸಿಗೋದು ಕಡಿಮೆ. ಸೊನ್ನೆ ಮತ್ತು ಐದರ ಮೇಲಿನ ಈ ಮೋಹವನ್ನು ಅಳೆಯಲು ಜನಸಂಖ್ಯಾ ಶಾಸ್ತ್ರದವರು ವಿಪಲ್ ಸೂಚ್ಯಂಕ ಅಂತಲೇ ಒಂದನ್ನು ಇಟ್ಟುಕೊಂಡಿದ್ದಾರೆ. ಅದನ್ನು ನೀನು ಓದಿದ್ದೀಯ, ಪರೀಕ್ಷೆಯಲ್ಲಿ ಬರೆದೂ ಇದ್ದೀಯ. ಅಜ್ಜಿಯ ಮುಂದೆ ಕೂತಾಗ ಮಾತ್ರ ನೆನಪಾಗಲಿಲ್ಲ.

ಕೇಳುವ ರೀತಿ ಬೇರೆ ಇದೆ. ರಜಾಕಾರರ ಗದ್ದಲ ನೆನಪದ ಏನಬೇ? ಅದು 1948. ಅವ್ವನ ಬಗಲಾಗಿದ್ದೆ ಅಂದರೆ ಒಂದು ಲೆಕ್ಕ, ಓಡಿಹೋಗಿ ಅಡಗಿದ್ದೆ ಅಂದರೆ ಇನ್ನೊಂದು ಲೆಕ್ಕ. ತುಂಗಭದ್ರಾ ಕಾಲುವೆಗೆ ನೀರು ಬಂದಾಗ ನೀನು ಎಷ್ಟುದ್ದ ಇದ್ದಿ? ಎಪ್ಪತ್ತೆರಡರ ಬರಕ್ಕ ಮದಿವಿ ಆಗಿತ್ತೋ ಇಲ್ಲೋ? ಹೀಗೆ ಹೋಗಬೇಕು. ಆ ಬರದ ವರ್ಷ ಹದಿನಾಲ್ಕಕ್ಕೆ ಮದುವೆಯಾದವಳು ಹುಟ್ಟಿದ್ದು 1958ರಲ್ಲಿ. 65 ತುಂಬಿದ್ದು 2023ಕ್ಕೆ. ಆಧಾರ್‌ನಲ್ಲಿ ಯಾರೋ ಕಣ್ಣಂದಾಜಿನಲ್ಲಿ 1965, ಜನವರಿ 1 ಅಂತ ಒತ್ತಿದ್ದರೆ ಅವಳಿಗೆ 65 ಆಗುವುದು 2030ಕ್ಕೆ!

ಇದನ್ನೇನು ಸಣ್ಣ ವಿಷಯ ಅಂದುಕೊಂಡೆಯಾ? ನೀನು ಹೇಳುವ ಸಾಮಾಜಿಕ ನೀತಿಯೆಲ್ಲ ನೇತಾಡುತ್ತಿರೋದು ಇದೇ ಅಂಕಿಗೆ. 2007ರಲ್ಲಿ ಬಂದ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. 2021ರಲ್ಲಿ ಅದು ತಿಂಗಳಿಗೆ 1,200 ರೂಪಾಯಿ ಆಯಿತು. ಬಡತನ ರೇಖೆಗಿಂತ ಕೆಳಗಿನವರ ಕೇಂದ್ರದ ವೃದ್ಧಾಪ್ಯ ಪಿಂಚಣಿಗೆ 60 ಸಾಕು, ಆದರೆ ಕೇಂದ್ರದ ಪಾಲು 79ರವರೆಗೆ 200 ರೂಪಾಯಿ, 80 ದಾಟಿದರೆ 500. ಮಿಕ್ಕದ್ದನ್ನು ರಾಜ್ಯ ಹಾಕಬೇಕು. ಮೇಲಿನ ಆ ಮುದುಕಿಗೆ ಸಂಧ್ಯಾ ಸುರಕ್ಷಾ ಏಳು ವರ್ಷ ಮುಂದಕ್ಕೆ ಹೋಯಿತಲ್ಲ, ಅದು ಯಾವ ಸಿದ್ಧಾಂತದಲ್ಲಿ ಬರುತ್ತದೆ, ಹೇಳು.

ಇನ್ನೊಂದು ತಂಟೆ ಇದೆ. ಪುಸ್ತಕದ ಲೆಕ್ಕದಲ್ಲಿ 15ರಿಂದ 59 ದುಡಿಯುವವರು, 60 ದಾಟಿದವರು ಅವಲಂಬಿತರು. ನಿನ್ನ ಸೀಮೆಗೆ ಬಾ. ನೀರಾವರಿ ಇಲ್ಲದ ಹೊಲದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರ್ತಾರೆ. ಮನೆಯಲ್ಲಿ ಮುದುಕರು ಮತ್ತು ಮೊಮ್ಮಕ್ಕಳು. ರೇಶನ್‌ಗೆ ಹೆಬ್ಬೆಟ್ಟು ಒತ್ತೋದು ಅಜ್ಜಿ, ಶಾಲೆಗೆ ಕಳಿಸೋದು ಅಜ್ಜಿ, ಎಮ್ಮೆ ಕಾಯೋದು ಅಜ್ಜ. ಸಿಂಧನೂರು ಕಡೆ ಕ್ಯಾಂಪುಗಳಲ್ಲಿ ನೆಲ್ಲು ಹಚ್ಚೋಕೆ ಬಗ್ಗಿದವರ ಸಾಲಲ್ಲಿ ನೆರೆತ ತಲೆಗಳನ್ನು ಹುಡುಕು, ಸಿಗುತ್ತವೆ. ಕೆಸರಲ್ಲಿ ಸವೆದ ಅವರ ಬೆರಳಿನ ಗುರುತನ್ನು ಯಂತ್ರವೇ ಒಪ್ಪುವುದಿಲ್ಲ. ಇಲ್ಲಿ ಯಾರು ಯಾರಿಗೆ ಅವಲಂಬಿತರು? ನೀನು ಹೋಗಿ ‘ಒಂಟಿತನ ಕಾಡುತ್ತದೆಯೇ? ಯಾವಾಗಲೂ, ಕೆಲವೊಮ್ಮೆ, ಎಂದಿಗೂ ಇಲ್ಲ’ ಅಂತ ಕೇಳಿದರೆ ಬೈಸಿಕೊಂಡೇ ಬರ್ತೀಯ. ಮೊದಲು ದುಡಿಮೆ ಕೇಳು, ದುಡ್ಡು ಯಾರ ಕೈಯಲ್ಲಿದೆ ಕೇಳು, ಒಂಟಿತನ ತಾನಾಗಿ ಬರುತ್ತದೆ.

ಅಂಕಿಅಂಶ ಬೇಡ ಅಂತಲ್ಲ. ವಯಸ್ಸಾಗುವಿಕೆಯ ಮೇಲೆ ದೇಶದಾದ್ಯಂತ ನಡೆದ 2017–18ರ ಲಾಸಿ ಸಮೀಕ್ಷೆಯಲ್ಲಿ 45 ದಾಟಿದವರು, ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರ ಮಾಹಿತಿ ಇದೆ. ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಗೆ ಬರೆದು ತರಿಸಿಕೋ, ಕುಳಿತು ಜಾಲಾಡು. ಅದಕ್ಕೂ ಮೊದಲು, 2011ರಲ್ಲಿ ಏಳು ರಾಜ್ಯಗಳ ಹಿರಿಯರ ದೊಡ್ಡ ಸಮೀಕ್ಷೆ ನಡೆಯಿತು. ಅದರಲ್ಲಿ ಕೈ ಜೋಡಿಸಿದ್ದು ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಐಸೆಕ್. ಆದರೆ ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ನಿನಗೆ ಬಿಟ್ಟ ಜಾಗ ಅಂತ ತಿಳಿ.

ಅದೇ ಐಸೆಕ್‌ಗೆ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅದನ್ನು ಕಟ್ಟುವಾಗ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬಂದರು. ಅವರ ಕಥೆ ಗೊತ್ತಲ್ಲ? ಮೈಸೂರು ಕಡೆಯ ಹಳ್ಳಿಯಲ್ಲಿ 1948ರಲ್ಲಿ ಕೂತು ಬರೆದು, ವರ್ಷಗಟ್ಟಲೆ ತಿದ್ದಿದ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳ ಬೆಂಕಿಗೆ ಹೋದವು. ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದರು, 1976ರಲ್ಲಿ ಬಂತು. ನಾಳೆ ನಿನ್ನ ಟ್ಯಾಬ್ ಕೆಟ್ಟುಹೋದರೆ ನಿನಗೆ ಏನು ನೆನಪಿರುತ್ತೆ? ಯಾರ ಮನೆಯಲ್ಲಿ ರೊಟ್ಟಿ ತಿಂದೆ ಅನ್ನೋದಾದರೂ ಇರುತ್ತಾ?

ನೌಕರಿಯ ಮಾತನ್ನೂ ಮುಚ್ಚಿಡಲ್ಲ. ಖಾಯಂ ಹುದ್ದೆ ಕಡಿಮೆ. ಡಾಕ್ಟರೇಟ್ ಆದಮೇಲೂ ಅತಿಥಿ ಉಪನ್ಯಾಸಕಿಯಾಗಿ ವರ್ಷಗಳು ಹೋಗಬಹುದು. ಫೆಲೋಶಿಪ್ ದುಡ್ಡು ತಿಂಗಳುಗಟ್ಟಲೆ ತಡವಾದಾಗ ಅಪ್ಪನ ಮುಖ ನೋಡಬೇಕಾಗುತ್ತೆ. ಆ ಹೊತ್ತಿಗೆ ದುಡ್ಡು ಕೊಟ್ಟರೆ ವಾರದಲ್ಲಿ ಲೇಖನ ಅಚ್ಚು ಹಾಕುವ ಪತ್ರಿಕೆಗಳು ಮೇಲ್ ಕಳಿಸುತ್ತವೆ. ಮುಟ್ಟಬೇಡ. ಒಮ್ಮೆ ಹೋದ ಹೆಸರು ಈ ಸಣ್ಣ ಲೋಕದಲ್ಲಿ ವಾಪಸ್ ಬರಲ್ಲ.

ಒಂದು ಕೆಲಸ ಹೇಳ್ತೀನಿ, ಮಾಡ್ತೀಯಾ? ತಂದೆ ತಾಯಿಯರ ಪೋಷಣೆಯ 2007ರ ಕಾಯ್ದೆ ನಿನಗೆ ಕಲಮು ಸಮೇತ ಬಾಯಿಪಾಠ. ಅದರ ದೂರು ಕೇಳೋದು ಉಪವಿಭಾಗಾಧಿಕಾರಿಗಳು. ನಿನಗೆ ಹತ್ತಿರದ ಕಚೇರಿ ಲಿಂಗಸುಗೂರು. ಮುದುಕರೇ ಬಂದು ಮಾತಾಡುವ ಜಾಗ ಅದು. ಅನುಮತಿ ಕೇಳಿ ವಿಚಾರಣೆಯ ದಿನ ಮೂಲೆಯಲ್ಲಿ ಸುಮ್ಮನೆ ಕೂಡ್ರು. ಯಾರು ಬಂದರು ಅನ್ನೋದಕ್ಕಿಂತ, ಮಗನ ಮಾನ ಹೋಗ್ತದಂತ ಊರಲ್ಲೇ ಉಳಿದವರು ಯಾರು ಅಂತ ಆಮೇಲೆ ವಳಕಮದಿನ್ನಿಯಲ್ಲಿ ಕೇಳು. ಗೈಡ್‌ಗೆ ಇವತ್ತೇ ಫೋನ್ ಮಾಡಿ ಸಿನಾಪ್ಸಿಸ್‌ಗೆ ಒಂದು ತಿಂಗಳು ಹೆಚ್ಚು ಕೇಳಿಕೋ. ಗುಳೆ ಹೋದ ಮನೆಗಳ ಮುದುಕರ ಮೇಲೆ ಹೊಸದಾಗಿ ಬರೆದು ತಾ, ನಾನು ಓದ್ತೀನಿ.